ನೋಡುವವನ ಪಾಲು

ನಿಪ್ಪಾಣಿಯಲ್ಲಿ ಕಾಲೇಜು ಓದುವ ನನ್ನ ಅಣ್ಣನ ಮಗ ದೀಪಾವಳಿಗೆ ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಬೆಳ್ಳಗೆ ಹೊಳೆಯುವ ಮಂಜುಗಡ್ಡೆಯ ಅಂಗಳ. ಕಾಲಿಗೆ ಅಲಗು ಕಟ್ಟಿಕೊಂಡ ಆಟಗಾರರು ಕೈಯಲ್ಲಿ ಕೋಲು ಹಿಡಿದು ಒಂದು ಕಪ್ಪು ಬಿಲ್ಲೆಯ ಹಿಂದೆ ಹಾರಿ ಹೋಗುತ್ತಿದ್ದಾರೆ. ಇದ್ದಕ್ಕಿದ್ದಂತೆ ಇಬ್ಬರು ನಿಂತರು. ಕೋಲು ಬಿಸಾಕಿದರು, ಕೈಗವಸು ಕಳಚಿ ಕೆಳಗೆ ಒಗೆದರು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು ಮುಖಕ್ಕೆ ಗುದ್ದತೊಡಗಿದರು. ಸುತ್ತ ಕೂತಿದ್ದ ಹದಿನೈದಿಪ್ಪತ್ತು ಸಾವಿರ ಜನ ಎದ್ದು ನಿಂತರು. ಎರಡು ಹೆಜ್ಜೆ ಆಚೆ ನಿಂತ ರೆಫರಿಗಳು ಕೈಕಟ್ಟಿ ನೋಡುತ್ತಿದ್ದರು.

ಕಟ್ಟೆಯ ಮೇಲೆ ಕೂತಿದ್ದ ನನ್ನ ಸೋದರಮಾವ ಕನ್ನಡಕ ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ ಇದು: "ಪಂಚ ಯಾಕ ಸುಮ್ನ ನಿಂತಾನ?"

ಹುಡುಗ ನಗುತ್ತ ವಿವರಿಸಿದ. ಅಮೆರಿಕ, ಕೆನಡಾಗಳ ದೊಡ್ಡ ಲೀಗಿನಲ್ಲಿ ಇಬ್ಬರೂ ಒಪ್ಪಿ ಗುದ್ದಾಡಿದರೆ ಅಷ್ಟು ಸುಲಭಕ್ಕೆ ಬಿಡಿಸುವುದಿಲ್ಲವಂತೆ. ಒಬ್ಬ ಬೀಳಬೇಕು ಅಥವಾ ಇಬ್ಬರೂ ದಣಿಯಬೇಕು. ಆಮೇಲೆ ತಲಾ ಐದು ನಿಮಿಷ ಹೊರಗೆ ಕೂರಿಸುತ್ತಾರೆ, ಮತ್ತೆ ಒಳಗೆ ಬಿಡುತ್ತಾರೆ. ಮಾವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ಅಂದ್ರ ಇದು ಆಟಾ ಅಲ್ಲ, ಆಟದಾಗ ಇಟ್ಟಿರೋ ಕುಸ್ತಿ," ಅಂದರು.

ಮಾವನಿಗೆ ಈಗ ಅರವತ್ತರ ಹತ್ತಿರ. ಬಲಗಿವಿ ಮುದುಡಿ ಒಣ ಅಣಬೆಯ ಹಾಗೆ ಆಗಿದೆ. ನಮ್ಮ ಕಡೆ ಕಿವಿ ನೋಡಿಯೇ ಪೈಲ್ವಾನರನ್ನು ಗುರುತಿಸುತ್ತಾರೆ. ಬಲಗಾಲಿನ ಮೊಣಕಾಲು ಮಡಚಲು ಬರುವುದಿಲ್ಲ. ಊಟಕ್ಕೆ ಕೂತರೆ ಒಂದು ಕಾಲು ಮುಂದಕ್ಕೆ ನೀಟವಾಗಿ ಚಾಚಿಕೊಂಡೇ ಇರುತ್ತದೆ. ಆ ಮೊಣಕಾಲಿನ ಕತೆಯಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಹೇಳಲೆಂದೇ ಈ ಬರಹ. ಆದರೆ ನೇರವಾಗಿ ಅಲ್ಲಿಗೆ ಹೋಗುವ ಧೈರ್ಯವಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ಹುಡುಗ ತೋರಿಸಿದ ವಿಡಿಯೊದಲ್ಲಿದ್ದವನು ಡೆರೆಕ್ ಬೂಗಾರ್ಡ್. 1982ರಲ್ಲಿ ಕೆನಡಾದ ಸಸ್ಕಾಚವಾನ್ ಪ್ರಾಂತ್ಯದಲ್ಲಿ ಹುಟ್ಟಿದವನು. ಆರೂವರೆ ಅಡಿ ದಾಟಿದ ಆಳು. ಮಿನೆಸೋಟಾ ವೈಲ್ಡ್ ತಂಡಕ್ಕೆ ಐದು ಹಂಗಾಮು ಆಡಿದ, ಕೊನೆಗೆ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೋದ. ದೊಡ್ಡ ಲೀಗಿನಲ್ಲಿ ಅವನು ಆಡಿದ್ದು 277 ಪಂದ್ಯ, ಹೊಡೆದ ಗೋಲು ಮೂರೇ ಮೂರು. ಗೋಲು ಹೊಡೆಯುವುದಕ್ಕಾಗಿ ಅವನನ್ನು ಯಾರೂ ಇಟ್ಟುಕೊಂಡಿರಲಿಲ್ಲ. ತನ್ನ ತಂಡದ ಒಳ್ಳೆಯ ಆಟಗಾರರ ಮೈಮೇಲೆ ಯಾರಾದರೂ ಬಂದರೆ ಅವರನ್ನು ಗುದ್ದುವುದು ಅವನ ಉದ್ಯೋಗ. ಅಲ್ಲಿನವರು ಇಂಥವನನ್ನು ಎನ್‌ಫೋರ್ಸರ್ ಅನ್ನುತ್ತಾರೆ. ನಮ್ಮ ಕಡೆ ಗೌಡರ ಮನೆಯ ಬಾಗಿಲಲ್ಲಿ ಕೂರುತ್ತಿದ್ದ ಆಳಿನ ನೆನಪಾಗುತ್ತದೆ. 2010ರಲ್ಲಿ ನ್ಯೂಯಾರ್ಕಿನವರು ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರಿನ ಕರಾರು ಮಾಡಿಕೊಂಡರು. ಅದೇ ಡಿಸೆಂಬರಿನಲ್ಲಿ ಒಂದು ಗುದ್ದಾಟದಲ್ಲಿ ತಲೆಗೆ ಪೆಟ್ಟು ಬಿದ್ದು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. 2011ರ ಮೇ ತಿಂಗಳಲ್ಲಿ ನೋವಿನ ಗುಳಿಗೆ ಮತ್ತು ಮದ್ಯ ಎರಡೂ ಮೈಯಲ್ಲಿ ಬೆರೆತು ಸತ್ತುಹೋದ. ವಯಸ್ಸು 28. ಮನೆಯವರು ಅವನ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟರು. ಮೇಲಿಂದ ಮೇಲೆ ತಲೆಗೆ ಪೆಟ್ಟು ತಿಂದವರ ಮಿದುಳಿನಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಅಲ್ಲಿತ್ತು. ಆ ವಯಸ್ಸಿಗೆ ಅಷ್ಟು ಮುಂದುವರಿದಿರಬಾರದಿತ್ತು ಎಂದು ಪರೀಕ್ಷೆ ಮಾಡಿದವರೇ ಬೆರಗಾದರು.

ಅವನು ಬದುಕಿದ್ದಾಗ ಜನರಿಗೆ ಅವನ ಮೇಲೆ ವಿಪರೀತ ಪ್ರೀತಿ. ಅವನ ಹೆಸರಿನ ಅಂಗಿ ಹಾಕಿಕೊಂಡು ಮಕ್ಕಳು ಬರುತ್ತಿದ್ದರು. ಅವನು ಬೆಂಚಿನಿಂದ ಎದ್ದರೆ ಸಾಕು, ಗದ್ದಲ. ಆ ಗದ್ದಲ ಮಾಡಿದ ಯಾವನಾದರೂ ಒಬ್ಬನನ್ನು ಹಿಡಿದು 'ಈ ಸಾವಿನಲ್ಲಿ ನಿನ್ನ ಪಾಲು ಎಷ್ಟು?' ಎಂದು ಕೇಳಿದರೆ ಏನು ಹೇಳಿಯಾನು? ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೆ, ಅವನಿಗೆ ಸಂಬಳವಿತ್ತು, ಅವನೇ ಒಪ್ಪಿ ಮಾಡುತ್ತಿದ್ದ, ನಾನು ಕೂತಿದ್ದು ಮೂವತ್ತನೆಯ ಸಾಲಿನಲ್ಲಿ. ಈ ನಾಲ್ಕೂ ಮಾತು ನಿಜವೇ. ನಾಲ್ಕೂ ನಿಜವಾಗಿದ್ದರೂ ಪ್ರಶ್ನೆ ಎದ್ದು ಹೋಗುವುದಿಲ್ಲ. ಅದಕ್ಕೇ ನನಗೆ ಇದು ಬರೆಯುವಂಥದ್ದು ಅನ್ನಿಸಿದ್ದು.

ನಮ್ಮ ಸೀಮೆಗೆ ಬರೋಣ. ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಲಾಪುರದ ತಾಲೀಮಿಗೆ ಹೋಗಿ ಪೈಲ್ವಾನರಾದರು. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಕೆಡವಿ ದೇಶದ ಮೊಟ್ಟಮೊದಲ ಹಿಂದ್ ಕೇಸರಿ ಆದರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಕೊನೆಯವರೆಗೂ ಕೊಲ್ಲಾಪುರದಲ್ಲೇ ನೆಲೆಸಿದ್ದು, 2020ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಎಂಬತ್ತಾರು ವರ್ಷದ ತುಂಬು ಬಾಳು. ಕುಸ್ತಿ ಎಲ್ಲರನ್ನೂ ಮುರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ತೋರಿಸುವುದು ಈ ಬಾಳನ್ನೇ.

ಅವರು ತೀರಿಕೊಂಡಾಗ ಅವರು ನಮ್ಮವರೋ ಅವರವರೋ ಎಂಬ ಮಾತು ನಮ್ಮ ಚಹಾದಂಗಡಿಯಲ್ಲಿ ಎದ್ದಿತ್ತು. ಅವರು ಹುಟ್ಟಿದಾಗ ಎಕ್ಸಂಬಾ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರ ನಂತರ ಮೈಸೂರು ರಾಜ್ಯಕ್ಕೆ ಬಂತು. ಮೈ ಬೆಳೆದದ್ದು ಇಲ್ಲಿನ ನೀರಿನಲ್ಲಿ, ಪಟ್ಟು ಕಲಿತದ್ದು ಅಲ್ಲಿನ ಮಣ್ಣಿನಲ್ಲಿ. ಅಥಣಿಯಲ್ಲಿ ಹೊಲಿದ ಚಪ್ಪಲಿಗೂ ಲೋಕ 'ಕೊಲ್ಹಾಪುರಿ' ಅನ್ನುತ್ತದಲ್ಲ, ಹಾಗೆ. ಗೆದ್ದ ಮೈಗೆ ವಾರಸುದಾರರು ಬಹಳ. ಮುರಿದ ಮೈಗಾಗಿ ಎರಡು ರಾಜ್ಯಗಳು ಜಗಳವಾಡಿದ್ದನ್ನು ನಾನು ಈವರೆಗೆ ನೋಡಿಲ್ಲ.

ಖಂಚನಾಳೆ ಒಬ್ಬರೇ. ಅವರ ಹಿಂದೆ ಈ ಐದು ತಾಲೂಕುಗಳಿಂದ ಕೊಲ್ಲಾಪುರ, ಸಾಂಗ್ಲಿ, ಮಿರಜಗಳ ತಾಲೀಮಿಗೆ ಹೋದ ಹುಡುಗರು ಎಷ್ಟೋ. ಕಾಗವಾಡದವನಿಗೆ ಮಿರಜ ಮನೆಯ ಅಂಗಳ. ರಾಯಬಾಗವಂತೂ 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಕೊಲ್ಲಾಪುರದ ಆಳ್ವಿಕೆಯಲ್ಲೇ ಇತ್ತು. ಬೆಳಗಿನ ನಾಲ್ಕಕ್ಕೆ ಏಳುವುದು, ಸಾವಿರದ ಲೆಕ್ಕದಲ್ಲಿ ಬೈಠಕ್ಕು, ದಂಡ, ಆಮೇಲೆ ಮಣ್ಣು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆರಸ ಕಲಸಿ ಹದ ಮಾಡುತ್ತಾರೆ. ಬಿದ್ದರೆ ಮೈ ತರಚಬಾರದು, ಗಾಯವಾದರೆ ಕೀವಾಗಬಾರದು. ಖುರಾಕಿಗೆ ಹಾಲು, ತುಪ್ಪ, ಬಾದಾಮಿಯ ಥಂಡಾಯಿ. ಎರಡೆಕರೆಯ ರೈತ ಒಬ್ಬ ಮಗನನ್ನು ಪೈಲ್ವಾನ ಮಾಡಬೇಕಾದರೆ ಉಳಿದ ಮಕ್ಕಳ ಹಾಲು ಅವನ ಲೋಟಕ್ಕೆ ಹೋಗಬೇಕು. ನಮ್ಮ ಅವ್ವನ ಪಾಲಿನ ಹಾಲು ಹಾಗೆಯೇ ಮಾವನ ಲೋಟಕ್ಕೆ ಹೋಗಿತ್ತು. ಅವ್ವ ಅದನ್ನು ಜೀವಮಾನವಿಡೀ ಹೆಮ್ಮೆಯಿಂದಲೇ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯ ಅಡಿಗೆ ಇನ್ನೇನೋ ಇತ್ತೋ ಏನೋ, ಕೇಳುವ ವಯಸ್ಸು ನನಗೆ ಬರುವ ಹೊತ್ತಿಗೆ ಅವಳು ಇರಲಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಪೈಲ್ವಾನನ ಮೈ ಅವನೊಬ್ಬನದು ಎಂಬ ಮಾತು ನಮ್ಮ ಕಡೆ ಯಾವತ್ತೂ ಪೂರ್ತಿ ನಿಜವಲ್ಲ. ಅದರಲ್ಲಿ ತಂಗಿಯ ಹಾಲಿದೆ, ಊರಿನ ಪಟ್ಟಿಯ ದುಡ್ಡಿದೆ, ವಸ್ತಾದನ ಬೈಗುಳವಿದೆ. ಹಿಂದೆ ಅರಸನ ಅನ್ನವಿತ್ತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಬಗ್ಗೆ ವಿವರಗಳಿವೆ. ವಯಸ್ಸು, ಮೈಕಟ್ಟು, ಬಲ ನೋಡಿ ಅವರನ್ನು ಹೇಗೆ ವಿಂಗಡಿಸಬೇಕು, ಏನು ಉಣಿಸಬೇಕು, ಹೇಗೆ ಸಾಮು ಮಾಡಿಸಬೇಕು ಎಂದೆಲ್ಲ ಹೇಳಿದ್ದಾನೆ. ಬಹಳ ಅಚ್ಚುಕಟ್ಟು. ಆದರೆ ಆ ಭಾಗಕ್ಕೆ ಇರುವ ಹೆಸರು 'ಮಲ್ಲವಿನೋದ'. ಅದು ಬರುವುದು ಅರಸನ ವಿನೋದಗಳ ಸಾಲಿನಲ್ಲಿ. ಇಷ್ಟು ಕಾಳಜಿಯಿಂದ ಸಾಕಿದ್ದು ನೋಡುವವನ ವಿನೋದಕ್ಕೆ ಎಂದು ಅಧ್ಯಾಯದ ಹೆಸರೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇಂದಿನ ಜಾಹೀರಾತುಗಳಿಗಿಂತ ಆ ಅರಸ ಪ್ರಾಮಾಣಿಕ ಅಂತ ನನಗೆ ಅನ್ನಿಸುತ್ತದೆ.

ಕೊಲ್ಲಾಪುರದ ಖಾಸಬಾಗ ಮೈದಾನವನ್ನು ನೋಡಿದವರಿಗೆ ಗೊತ್ತು, ನಡುವೆ ತಗ್ಗಿನಲ್ಲಿ ಕಣ, ಸುತ್ತ ಏರುತ್ತ ಹೋಗುವ ದುಂಡನೆಯ ಕೂರುವ ಜಾಗ. ಎಲ್ಲಿ ಕೂತರೂ ಕಾಣುತ್ತದೆ. ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿ ಮನಸೋತು, ಅದರ ಮಾದರಿಯಲ್ಲಿ ಕಟ್ಟಿಸಿದ್ದು. 1912ರಲ್ಲಿ ಮುಗಿಯಿತು. ಶಾಹೂ ಮಹಾರಾಜರ ಬಗ್ಗೆ ನನಗೆ ದೊಡ್ಡ ಗೌರವ. ಕೆಳಜಾತಿಯ ಬಡ ಹುಡುಗರಿಗೆ ಶಾಲೆ, ವಸತಿಗೃಹ, ನೌಕರಿಯ ಬಾಗಿಲು ತೆರೆದವರು ಅವರು. ತಾಲೀಮು ಕೂಡ ಅಂಥ ಒಂದು ಬಾಗಿಲಾಗಿತ್ತು. ಆದರೆ ಮನುಷ್ಯರನ್ನು ಮನುಷ್ಯರ ಮೇಲೆ ಬಿಟ್ಟು ನೋಡಲು ರೋಮಿನವರು ಕಟ್ಟಿದ ಕಟ್ಟಡದ ಆಕಾರ ನಮ್ಮ ಕಬ್ಬಿನ ಸೀಮೆಯ ಪಕ್ಕಕ್ಕೆ ಹೀಗೆ ಬಂದು ಕೂತಿತು ಎಂಬುದನ್ನು ಮರೆಯಲಾಗುವುದಿಲ್ಲ. ಖಾಸಬಾಗದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ, ಬೆನ್ನು ಮಣ್ಣಿಗೆ ಮುಟ್ಟಿದರೆ ಮುಗಿಯಿತು, ಗೆದ್ದವನು ಸೋತವನನ್ನು ಅಪ್ಪಿಕೊಳ್ಳುತ್ತಾನೆ. ವ್ಯತ್ಯಾಸ ದೊಡ್ಡದು. ಆದರೆ ಆ ವ್ಯತ್ಯಾಸವೆಲ್ಲ ಕಣದ ಒಳಗಿನದು. ಮೆಟ್ಟಿಲ ಮೇಲೆ ಕೂತವನಲ್ಲಿ ಎಷ್ಟು ವ್ಯತ್ಯಾಸವಾಗಿದೆ?

ರೋಮಿನದೇ ಒಂದು ಕತೆ ಸಂತ ಅಗಸ್ಟೀನನ ಆತ್ಮನಿವೇದನೆಯಲ್ಲಿದೆ. ಅವನ ಗೆಳೆಯ ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋಗಿದ್ದ. ಕಾಳಗದ ಆಟಗಳೆಂದರೆ ಅವನಿಗೆ ಅಸಹ್ಯ. ಸಹಪಾಠಿಗಳು ಒಂದು ದಿನ ಅವನನ್ನು ಎಳೆದುಕೊಂಡೇ ಹೋದರು. ಮೈಯನ್ನಷ್ಟೇ ಒಯ್ಯಬಹುದು, ಮನಸ್ಸನ್ನಲ್ಲ ಎಂದು ಹಟ ಹಿಡಿದು ಅವನು ಕಣ್ಣು ಮುಚ್ಚಿ ಕೂತ. ಕಣದಲ್ಲಿ ಯಾರೋ ಬಿದ್ದಾಗ ಜನ ಒಮ್ಮೆಲೇ ಹುಯ್ಯಲಿಟ್ಟರು. ಕುತೂಹಲ ತಡೆಯದೆ ಕಣ್ಣು ತೆರೆದ. ಅಷ್ಟೇ. ಮುಂದೆ ಅವನೂ ಕೂಗಿದ, ಮತ್ತೆ ಮತ್ತೆ ಹೋದ, ಇತರರನ್ನೂ ಕರೆದುಕೊಂಡು ಹೋದ. ಅವನನ್ನು ಕೆಡವಿದ್ದು ಕಣ್ಣಲ್ಲ, ಕಿವಿ. ಎಲ್ಲರೂ ಕೂಗುವಾಗ ಒಬ್ಬ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಹದಿನಾರು ಶತಮಾನಗಳ ಹಿಂದಿನ ಆ ಹುಡುಗನಿಗೂ ಗೊತ್ತಿತ್ತು, ಹತ್ತು ವರ್ಷದ ನನಗೂ ಗೊತ್ತಾಯಿತು.

ನಮ್ಮ ಪಕ್ಕದ ಊರಿನ ಜಾತ್ರೆ. ಹೆಸರು ಬೇಡ. ಹಲಗಿಯ ಸದ್ದಿಗೆ ಎದೆ ನಡುಗುತ್ತಿತ್ತು. ಕೊನೆಯ ಜೋಡಿ ಮಾವನದು. ಎದುರಾಳಿ ಮಿರಜದ ಕಡೆಯವನು. ಮಾವನ ಬಗಲಲ್ಲೇ ಮೂರು ವರ್ಷ ಒಂದೇ ತಾಲೀಮಿನಲ್ಲಿ ಮಲಗಿದವನು, ಒಂದೇ ಪಾತೇಲಿಯ ಸಾರು ಉಂಡವನು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಜಾತ್ರೆಯ ಕಮಿಟಿಗೂ ತಿಳಿದಿರಲಿಕ್ಕಿಲ್ಲ, ತೂಕ ನೋಡಿ ಜೋಡಿ ಕಟ್ಟಿದ್ದರು. ನಾನು ಗೆಳೆಯರ ಜೊತೆ ಬೇವಿನ ಗಿಡದ ಟೊಂಗೆಯ ಮೇಲಿದ್ದೆ. ಆ ದಿನ ನಾನು ಗೆಳೆಯರಲ್ಲೆಲ್ಲ ದೊಡ್ಡವನು, ನನ್ನ ಮಾವನೇ ಕೊನೆಯ ಜೋಡಿ.

ಹದಿನೈದು ನಿಮಿಷ ಕಳೆಯಿತು. ಇಬ್ಬರೂ ಕುತ್ತಿಗೆ ಹಿಡಿಯುವುದು, ಬಿಡುವುದು, ಮಣ್ಣು ತೂರಿಕೊಳ್ಳುವುದು, ಮತ್ತೆ ಹಿಡಿಯುವುದು. ಯಾರೋ ಕೆಳಗಿನಿಂದ "ನೂರಾ ಕುಸ್ತಿ!" ಅಂದರು. ನೂರಾ ಅಂದರೆ ಮೊದಲೇ ಮಾತಾಡಿಕೊಂಡ, ಸುಳ್ಳು ಕುಸ್ತಿ. ಪೈಲ್ವಾನನಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಇನ್ನೊಬ್ಬ ಅಂದ, ಹತ್ತು ಜನ ಅಂದರು, ಇಡೀ ಮೈದಾನ ಅಂದಿತು. ಗಿಡದ ಮೇಲಿದ್ದ ನನ್ನ ಗೆಳೆಯರು ನನ್ನ ಮುಖ ನೋಡಿ ನಕ್ಕರು. ನನಗೆ ಅಳು ಬಂತು, ಅಳುವುದಕ್ಕಿಂತ ಕೂಗುವುದು ಸುಲಭವಾಗಿತ್ತು. ನಾನೂ ಕೂಗಿದೆ. ಅವರೆಲ್ಲರಿಗಿಂತ ಜೋರಾಗಿ ಕೂಗಿದೆ.

ಕಮಿಟಿಯ ಹಿರಿಯರು ಕಣಕ್ಕೆ ಇಳಿದು, ನಿಕಾಲಿ ಆಗಬೇಕು, ಇಲ್ಲದಿದ್ದರೆ ಇಬ್ಬರಿಗೂ ಒಂದು ಪೈಸೆ ಇಲ್ಲ ಅಂದರು. ಒಬ್ಬ ಚಿತ್ ಆಗುವವರೆಗೆ ಬಿಡುವುದಿಲ್ಲ ಎಂದು ಅರ್ಥ. ಆಮೇಲೆ ನಡೆದದ್ದು ನಿಜವಾದ ಕುಸ್ತಿ. ಏಳೆಂಟು ನಿಮಿಷ ಇರಬಹುದು. ಎದುರಾಳಿ ಎತ್ತಿ ಹಾಕುವಾಗ ಮಾವನ ಬಲಗಾಲು ಅಡಿಗೆ ಸಿಕ್ಕಿ ತಿರುಚಿತು. ಅವರ ಬಾಯಿ ತೆರೆದದ್ದು ಕಂಡಿತು, ದನಿ ಕೇಳಿಸಲಿಲ್ಲ. ಏಕೆಂದರೆ ಆಗ ಎಲ್ಲರೂ ಕೂಗುತ್ತಿದ್ದೆವು, ಖುಷಿಯಿಂದ. ಗೆದ್ದವನ ತಲೆಗೆ ಫೇಟಾ ಸುತ್ತಿ ಹೆಗಲ ಮೇಲೆ ಹೊತ್ತರು. ಅವನು ಅಳುತ್ತಿದ್ದ. ಆನಂದಕ್ಕೆ ಅಂದುಕೊಂಡೆವು.

ಮಾವನಿಗೆ ಆಗ ಇಪ್ಪತ್ತಾರು. ಮತ್ತೆ ಮಣ್ಣಿಗೆ ಇಳಿಯಲಿಲ್ಲ. ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು, ಅದರಲ್ಲೇ ಉಳಿದರು.

ಈ ವಿಡಿಯೊ ನೋಡಿದ ದಿನ, ಹುಡುಗ ಒಳಗೆ ಹೋದ ಮೇಲೆ, ಮಾವ ತಾವಾಗಿಯೇ ಆ ಜಾತ್ರೆಯ ಮಾತು ತೆಗೆದರು. ಆ ದಿನದ ಕುಸ್ತಿ ಖರೇನೇ ನೂರಾ ಆಗಿತ್ತು ಅಂದರು. ಗೆಳೆಯನಿಗೆ ಹಿಂದಿನ ವಾರವೇ ಪಕ್ಕೆಲುಬಿಗೆ ಪೆಟ್ಟಾಗಿತ್ತು. ತಂಗಿಯ ಮದುವೆಗೆ ದುಡ್ಡು ಬೇಕಾಗಿತ್ತು, ಆಡದೆ ಇರುವಂತಿರಲಿಲ್ಲ. ಇಪ್ಪತ್ತು ನಿಮಿಷ ಎಳೆದು ಸಮಸಮ ಮಾಡಿಕೊಳ್ಳೋಣ, ಇನಾಮು ಹಂಚಿಕೊಳ್ಳೋಣ ಎಂದು ಮಾವನೇ ಹೇಳಿದ್ದರು.

"ತಪ್ಪ ಮಾಡಿದ್ನಿ ತಮ್ಮಾ. ಮಣ್ಣಿಗಿ ಸುಳ್ಳ ಹೇಳಿದ್ನಿ. ಅದಕ್ಕ ಮಣ್ಣ ಕಾಲ ತಗೊಂಡ್ತು."

ನಾನು ಒಪ್ಪಲಿಲ್ಲ. ಗೆಳೆಯನ ಪಕ್ಕೆಲುಬು ಉಳಿಸಲು ಹೇಳಿದ ಸುಳ್ಳು ಎಂಥ ತಪ್ಪು? ತಪ್ಪು ಮಾಡಿದ್ದು ದುಡ್ಡು ತಡೆಹಿಡಿದವರು, ಕೂಗಿದವರು. ಹೀಗೆ ನಾನು ವಾದ ಮಾಡಿದೆ. ಮಾವ ತಲೆ ಅಲ್ಲಾಡಿಸಿದರು. ಬಿಸಿಲಲ್ಲಿ ಹತ್ತು ಮೈಲಿ ನಡೆದು, ಚಕ್ಕಡಿ ಕಟ್ಟಿಕೊಂಡು ಬಂದ ಜನ ಅವರು. ಕೂಲಿಯ ದುಡ್ಡಿನಲ್ಲಿ ಪಟ್ಟಿ ಕೊಟ್ಟವರು. ವರ್ಷಕ್ಕೊಮ್ಮೆ ಒಂದು ಖರೇ ಕುಸ್ತಿ ನೋಡುವ ಹಕ್ಕು ಅವರಿಗಿಲ್ಲವೇ? ಅವರು ಕೂಗಿದ್ದು ನಮ್ಮ ಸುಳ್ಳನ್ನು ಹಿಡಿದು, ಅದರಲ್ಲಿ ಅವರ ತಪ್ಪೇನು? ಇದು ಮಾವನ ವಾದ. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ.

ಆಮೇಲೆ ಯೋಚಿಸಿದ್ದು ಇಷ್ಟು. ಜನರಿಗೆ ಸತ್ಯ ಕೇಳುವ ಹಕ್ಕಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಸತ್ಯ ಬೇಕಾಗಿದ್ದವನು 'ಯಾಕೆ ಹೀಗೆ ಆಡುತ್ತಿದ್ದೀರಿ?' ಎಂದು ಒಂದು ಸಲವಾದರೂ ಕೇಳಬೇಕಿತ್ತು. ಕೇಳಿದ್ದರೆ ಪಕ್ಕೆಲುಬಿನ ವಿಷಯ ಹೊರಬರುತ್ತಿತ್ತು. ಅದೂ ಸತ್ಯವೇ ಅಲ್ಲವೇ? ಮೈದಾನಕ್ಕೆ ಬೇಕಾಗಿದ್ದು ಎರಡು ಮೈಗಳ ನಡುವಿನ ಒಂದೇ ಒಂದು ಸತ್ಯ, ಯಾರು ಯಾರನ್ನು ಕೆಡವಬಲ್ಲ ಎಂಬುದು. ಉಳಿದದ್ದು ಬೇಡವಾಗಿತ್ತು. ಬೂಗಾರ್ಡ್‌ನ ಗುದ್ದಿಗೆ ಎದ್ದು ನಿಂತವರಿಗೂ ಅವನ ಗುಳಿಗೆಯ ಡಬ್ಬಿ ಬೇಡವಾಗಿತ್ತು. ಅವನು ಒಪ್ಪಿಯೇ ಆಡಿದ್ದ ಎಂಬ ಮಾತು ನನ್ನ ಕಿವಿಗೆ ಟೊಳ್ಳಾಗಿ ಕೇಳುವುದು ಇಲ್ಲಿಯೇ. ಒಪ್ಪಿದ್ದು ನಿಜ, ಆದರೆ ಬೇಡ ಅಂದಿದ್ದರೆ ಉಣ್ಣುವುದಕ್ಕೆ ಏನಿತ್ತು ಎಂದು ನೋಡುವವನು ಕೇಳುವುದಿಲ್ಲ. ಟಿಕೆಟ್ಟಿನಲ್ಲಿ ಆ ಪ್ರಶ್ನೆ ಸೇರಿಲ್ಲ.

ಹಾಗೆಂದು ಕುಸ್ತಿ ನಿಲ್ಲಿಸಬೇಕು ಎನ್ನುವವರ ಜೊತೆಗೂ ನಾನು ಕೂರಲಾರೆ. ಪಟ್ಟಣದ ಒಬ್ಬ ಗೆಳೆಯ ಮಾವನ ಕಾಲು ನೋಡಿ ಅಯ್ಯೋ ಅಂದಾಗ ಮಾವನಿಗೆ ಬಂದ ಸಿಟ್ಟು ನೋಡಬೇಕಿತ್ತು. "ಆರು ವರ್ಷ ಈ ಮೈ ಹುಲಿಗತೆ ಇತ್ತು. ನಿನ್ನ ಮೈ ಒಂದ ದಿನಾ ಹಂಗ ಇತ್ತೇನ?" ಅಂದಿದ್ದರು. ಗೆಳೆಯ ತನ್ನ ಹೊಟ್ಟೆ ನೋಡಿಕೊಂಡು ಸುಮ್ಮನಾದ. ಆ ಆರು ವರ್ಷಗಳನ್ನು ಮೊಣಕಾಲಿನ ಲೆಕ್ಕಕ್ಕೆ ಬರೆದು ಅಳಿಸಿಹಾಕುವ ಅಧಿಕಾರ ಕನಿಕರ ಪಡುವವನಿಗೂ ಇಲ್ಲ. ಕನಿಕರವೂ ಒಂದು ಬಗೆಯಲ್ಲಿ ಮೆಟ್ಟಿಲ ಮೇಲೆ ಕೂತೇ ನೋಡುತ್ತದೆ.

ಮೂವತ್ತಮೂರು ವರ್ಷದಿಂದ ಹೇಳದೆ ಇದ್ದ ಮಾತನ್ನು ಆ ಸಂಜೆ ಹೇಳಿದೆ. "ಮಾಮಾ, ಅವತ್ತ ಗಿಡದ ಮ್ಯಾಲ ಕುಂತು ನಾನೂ ಕೂಗಿದ್ದೆ. ನೂರಾ ಅಂತ."

ಮಾವ ಚಾಚಿದ ಕಾಲನ್ನು ಕೈಯಿಂದ ಎತ್ತಿ ಸ್ವಲ್ಪ ಈಚೆಗೆ ಇಟ್ಟುಕೊಂಡರು. "ಗೊತ್ತೈತಿ. ನಿನ್ನ ದನಿ ಕೇಳ್ಸಿತ್ತ," ಅಂದರು.

ಅಷ್ಟು ಜನರ ಗದ್ದಲದಲ್ಲಿ ಹೇಗೆ ಕೇಳಿಸಿತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರೂ ಮುಂದೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿದ್ದ ಹುಡುಗನನ್ನು ಕರೆದು, ಆ ಬರ್ಫಿನ ಮೇಲಿನ ಎತ್ತರದ ಹುಡುಗನದು ಇನ್ನೊಂದು ಜೋಡಿ ಇದ್ದರೆ ಹಚ್ಚು ಅಂದರು. ಹುಡುಗ ಹುಡುಕಿ ಹಚ್ಚಿದ. ಮಾವ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, "ಎಡಗೈ ಕೆಳಗ ಬಿಟ್ಟಾನ ನೋಡು, ಮಾರಿ ಪೂರಾ ಖುಲ್ಲಾ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ, ಒಮ್ಮೆ ತಡೆಯಲಾರದೆ ಜೋರಾಗಿ ಕೂಗಿದರು: "ಏ, ಮಾರಿ ಕಾಯ್ಕೊಳ್ಳೋ ಹುಡುಗಾ!"